ಒಂದು ಹೋಳಿಗೆಗೆ ಇಪ್ಪತ್ತು ನಿಮಿಷ

ಟೀವಿಯಲ್ಲಿ ಬರಬೇಕು ಅನ್ನುವುದು ನನ್ನ ಚಿಕ್ಕಂದಿನ ಆಸೆ. ಬಂದೆ. ಶಿವಮೊಗ್ಗದ ಒಂದು ಕಿವಿ-ಮೂಗು-ಗಂಟಲು ಆಸ್ಪತ್ರೆಯ ಒಳಕೋಣೆಯಲ್ಲಿ, ಗೋಡೆಗೆ ನೇತುಹಾಕಿದ್ದ ಟೀವಿಯಲ್ಲಿ, ಕಲರ್‌ನಲ್ಲೇ ಬಂದೆ. ಮುಖ ಬರಲಿಲ್ಲ, ಗಂಟಲು ಮಾತ್ರ ಬಂತು. ಡಾಕ್ಟರಮ್ಮ ನನ್ನ ಮೂಗಿನೊಳಗೆ ಕಪ್ಪು ತಂತಿಯೊಂದನ್ನು ಇಳಿಸಿದ್ದರು. ಅದರ ತುದಿಯಲ್ಲಿದ್ದ ಸಾಸಿವೆಯಷ್ಟು ಕ್ಯಾಮೆರಾ ಒಳಗಿನದನ್ನೆಲ್ಲ ತೋರಿಸುತ್ತಿತ್ತು. ಪರದೆಯ ಮೇಲೆ ಎರಡು ಕೆಂಪು ಪಟ್ಟಿಗಳು ಒದ್ದೆಯಾಗಿ ಅದುರುತ್ತಿದ್ದವು. ಭದ್ರಾವತಿಯ ಅರ್ಧ ಊರನ್ನು ಅಣಕಿಸಿದ್ದು ಈ ಪುಟಾಣಿ ಯಂತ್ರವೇ ಅಂತ ನಂಬುವುದಕ್ಕೆ ಕಷ್ಟವಾಯಿತು.

"ಇವು ಬೆಳ್ಳಗಿರ್ಬೇಕಿತ್ತು," ಅಂದರು ಡಾಕ್ಟರಮ್ಮ.

ನಮ್ಮ ವಂಶದಲ್ಲಿ ಯಾರೂ ಅಷ್ಟು ಬೆಳ್ಳಗಿಲ್ಲ ಮೇಡಂ ಅನ್ನುವ ಜೋಕು ನಾಲಿಗೆಯ ತುದಿಗೆ ಬಂತು. ಮೂಗಿನಲ್ಲಿ ತಂತಿ ಇತ್ತು, ನುಂಗಿಕೊಂಡೆ. ನುಂಗುವುದರಲ್ಲಿ ನಾನು ಮೊದಲಿನಿಂದಲೂ ಎತ್ತಿದ ಕೈ. ಕಾಯಿಲೆಯ ಮೂಲವೂ ಅದೇ.

ನಾನು ಪ್ರಮೋದ. ಭದ್ರಾವತಿಯವನು, ವಯಸ್ಸು ಇಪ್ಪತ್ತಾರು, ಉದ್ಯೋಗ ಬೇರೆಯವರ ಹಾಗೆ ಮಾತಾಡುವುದು. ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವ, ಎಲ್ಲಿ ಮೈಕ್ ಇದೆಯೋ ಅಲ್ಲಿ ನಾನಿರುತ್ತೇನೆ. ಬಸ್ ಕಂಡಕ್ಟರ್, ರೈಲು ಬರುವುದನ್ನು ಸಾರುವ ಹೆಂಗಸು, ಕುಕ್ಕರಿನ ಸೀಟಿ, ಕಾರ್ಖಾನೆಯ ಸೈರನ್, ತಮಿಳು ಬೆರೆಸಿ ಬೈಯುವ ನಮ್ಮ ಬೀದಿಯ ಇಡ್ಲಿ ಅಕ್ಕ, ನಮ್ಮಪ್ಪ, ಎಲ್ಲರೂ ನನ್ನ ಗಂಟಲಿನಲ್ಲಿ ಒಟ್ಟು ಕುಟುಂಬ ಮಾಡಿಕೊಂಡು ಬದುಕಿದ್ದರು.

ನನ್ನನ್ನು ಊರಿಗೆ ಪರಿಚಯಿಸಿದ್ದು ಮಾತ್ರ ಹೋಳಿಗೆ ಐಟಂ. ಸ್ಟೇಜಿನ ಮೇಲೆ ಒಂದು ತಟ್ಟೆ ಹೋಳಿಗೆ ಇಡಬೇಕು, ಒಂದೊಂದನ್ನೂ ನಾನು ಒಬ್ಬೊಬ್ಬರ ಹಾಗೆ ತಿನ್ನಬೇಕು. ಹೆಡ್‌ಮಾಸ್ಟರ್ ಹೇಗೆ ತಿನ್ನುತ್ತಾರೆ, ಎಲೆಕ್ಷನ್‌ಗೆ ನಿಂತವನು ಹೇಗೆ ತಿನ್ನುತ್ತಾನೆ, ಸಕ್ಕರೆ ಕಾಯಿಲೆಯ ಮಾವ ಹೆಂಡತಿ ಆ ಕಡೆ ತಿರುಗಿದ ಕ್ಷಣದಲ್ಲಿ ಹೇಗೆ ತಿನ್ನುತ್ತಾರೆ. ಒಂದು ದನಿಗೂ ಇನ್ನೊಂದಕ್ಕೂ ನಡುವೆ ಜಾಸ್ತಿ ಹೊತ್ತು ಬಿಟ್ಟರೆ ಜನರ ನಗು ಆರಿಹೋಗುತ್ತದೆ. ಆದ್ದರಿಂದ ಅಗಿಯುವ ಪದ್ಧತಿಯನ್ನೇ ಇಟ್ಟುಕೊಂಡಿರಲಿಲ್ಲ. ಮಡಿಚು, ನುಂಗು, ಮುಂದಿನ ದನಿ ತೆಗೆ. ನನ್ನ ದಾಖಲೆ ಹದಿನಾಲ್ಕು. ಅದೂ ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡ ಮೇಲೆ, ಯಾಕೆಂದರೆ ಕಲಾವಿದನನ್ನು ಬರಿಹೊಟ್ಟೆಯಲ್ಲಿ ಸ್ಟೇಜಿಗೆ ಹತ್ತಿಸಿದರೆ ಮದುವೆ ಮನೆಯವರಿಗೆ ಅವಮಾನ. ಸೀಸನ್ನಿನಲ್ಲಿ ದಿನಕ್ಕೆ ಎರಡು ಮದುವೆ. ಲೆಕ್ಕ ನೀವೇ ಹಾಕಿ, ನನಗೆ ಈಗಲೂ ಎದೆ ಉರಿಯುತ್ತದೆ.

ಈ ದಾಖಲೆಯ ಬಗ್ಗೆ ನನಗಿಂತ ಹೆಚ್ಚು ಹೆಮ್ಮೆ ಇದ್ದದ್ದು ಅಪ್ಪ ರುದ್ರಪ್ಪನವರಿಗೆ. ನಮ್ಮ ಬಳಗದ ಮದುವೆಗಳಲ್ಲಿ ಒತ್ತಾಯದ ಖಾತೆ ಅವರದ್ದು. ಬಡಿಸುವವನ ಹಿಂದೆಯೇ ಪಂಕ್ತಿಯುದ್ದಕ್ಕೂ ನಡೆಯುತ್ತ, "ಹಾಕೋ, ಅವರಿಗೆ ಇನ್ನೊಂದು ಹಾಕೋ, ಏನ್ ಸ್ವಾಮಿ ಕೋಳಿ ಕೆದಕಿದಂಗೆ ಉಣ್ತೀರಿ," ಅನ್ನುವುದು ಅವರ ಕೆಲಸ. ಎಲೆಗೆ ಅಡ್ಡ ಕೈ ಹಿಡಿದರೆ ಕೈಮೇಲೇ ಹಾಕಿಸುತ್ತಾರೆ. ಅಂಥವರ ಮಗ ಒಂದೇ ಹೋಳಿಗೆ ತಿಂದು ಸಾಕು ಅಂದರೆ ಮಂತ್ರಿಯ ಮಗ ವೋಟು ಹಾಕದೆ ಮನೆಯಲ್ಲಿ ಕೂತಂತೆ.

ಬೆಳಿಗ್ಗೆ ಎದ್ದ ತಕ್ಷಣ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುವುದು ಶುರುವಾಗಿ ಎಷ್ಟೋ ತಿಂಗಳಾಗಿತ್ತು. ಕ್ಯಾಕರಿಸುತ್ತಿದ್ದೆ. ಬಾಯಿಗೆ ಹುಳಿನೀರು ಬರುತ್ತಿತ್ತು. ಓಮ, ಜೇನು, ಕಲ್ಲುಸಕ್ಕರೆ, ಶುಂಠಿ, ಯಾರು ಏನು ಹೇಳಿದರೂ ಅದನ್ನೂ ಸೇರಿಸಿ ತಿಂದೆ. ತಿನ್ನುವುದರಿಂದ ಬಂದ ಕಾಯಿಲೆಗೆ ಇನ್ನಷ್ಟು ತಿಂದು ಔಷಧ ಮಾಡಿಕೊಂಡವನು ನಾನು.

ಕೊನೆಗೆ ಭದ್ರಾವತಿಯ ಒಂದು ಮದುವೆಯಲ್ಲಿ, ಮಟ ಮಟ ಮಧ್ಯಾಹ್ನ, ಆರನೇ ಹೋಳಿಗೆಯ ನಡುವೆ ದನಿ ನಿಂತಿತು. ಗಾಳಿ ಬರುತ್ತಿದೆ, ಶಬ್ದ ಇಲ್ಲ. ಸೌಂಡ್ ಸಿಸ್ಟಮ್ ನನ್ನ ಗೆಳೆಯ ಇಮ್ರಾನನದು. ಅವನು ಓಡಿ ಬಂದು ಮೈಕ್ ಬದಲಾಯಿಸಿದ. ಆಮೇಲೆ ವೈರ್ ಬದಲಾಯಿಸಿದ. ಆಮೇಲೆ ಆಂಪ್ಲಿಫೈಯರಿನ ಬೆನ್ನು ಬಿಚ್ಚಿ ಕೂತ. ಕೊನೆಗೆ ಮೈಕನ್ನು ತಾನೇ ಬಾಯಿಗಿಟ್ಟುಕೊಂಡು "ಹಲೋ, ಚೆಕ್" ಅಂದ. ಗಂಟೆ ಹೊಡೆದಂತೆ ಕೇಳಿಸಿತು. ನನ್ನ ಮುಖ ನೋಡಿದ.

"ಸಿಸ್ಟಮ್ ಓಕೆ ಇದೆ ಯಾರ್," ಅಂದ. "ಖರಾಬ್ ಆಗಿರೋದು ನೀನು."

ಮೈಕ್ ಆನ್ ಇತ್ತು. ಇಡೀ ಮಂಟಪ ಬಿದ್ದು ಬಿದ್ದು ನಕ್ಕಿತು. ಇದೂ ಐಟಮ್ಮೇ ಅಂದುಕೊಂಡರು. ನನ್ನ ದನಿ ಹೋದ ಗಳಿಗೆಗೆ ಬಿದ್ದಷ್ಟು ಚಪ್ಪಾಳೆ ಅದು ಇದ್ದಾಗ ಎಂದೂ ಬಿದ್ದಿರಲಿಲ್ಲ.

ಮೂರು ದಿನ ಕಳೆದರೂ ದನಿ ವಾಪಸ್ ಬರಲಿಲ್ಲ. ಅಪ್ಪನ ಜೊತೆ ಶಿವಮೊಗ್ಗದ ಬಸ್ ಹತ್ತಿದೆ. ಮಲವಗೊಪ್ಪ ದಾಟುವ ತನಕ ಧೈರ್ಯ ಇತ್ತು. ಆಮೇಲೆ ಆಸ್ಪತ್ರೆಗಳ ಬೋರ್ಡುಗಳು ಶುರುವಾದವು.

ಗಂಟಲು ಡಾಕ್ಟರ ಕಾಯುವ ಕೋಣೆ ಬೇರೆ ಕಡೆಯ ಹಾಗಲ್ಲ. ಅಲ್ಲಿ ಗಲಾಟೆ ಇಲ್ಲ, ಅರ್ಧ ಜನಕ್ಕೆ ಮಾತಾಡಲು ಬರುವುದಿಲ್ಲ, ಇನ್ನರ್ಧಕ್ಕೆ ಕಿವಿ ಕೇಳಿಸುವುದಿಲ್ಲ. ಎದುರು ಬೆಂಚಿನ ಅಜ್ಜನೊಬ್ಬ ಕತ್ತಿಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ಟವೆಲ್ ಸ್ವಲ್ಪ ಜಾರಿದಾಗ ಕತ್ತಿನ ನಡುವೆ ಒಂದು ತೂತು, ಅದಕ್ಕೊಂದು ಪುಟ್ಟ ಕೊಳವೆ ಕಂಡವು. ಹೆಂಡತಿ ಟವೆಲನ್ನು ಮತ್ತೆ ಸರಿಮಾಡಿದಳು. ಗುರುತಿಲ್ಲದವರು ಕೂತ ಕೋಣೆಯಲ್ಲಿ ಐದು ನಿಮಿಷ ಸಿಕ್ಕರೆ ಐದು ದನಿ ಕದಿಯುವವನು ನಾನು. ಅವತ್ತು ಯಾರದನ್ನೂ ಕದಿಯಲಿಲ್ಲ. ನನ್ನ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ.

ತಂತಿ ಹೊರಗೆ ಬಂದ ಮೇಲೆ ಡಾಕ್ಟರಮ್ಮ ಕೇಳಿದರು, "ಊಟಕ್ಕೆ ಎಷ್ಟು ಹೊತ್ತು ತಗೋತೀರಿ?"

ನನಗೆ ದನಿ ಇಲ್ಲವಲ್ಲ, ಅಪ್ಪ ಎದೆಯುಬ್ಬಿಸಿ ಉತ್ತರ ಕೊಟ್ಟರು. "ಐದೇ ನಿಮಿಷ ಮೇಡಂ! ಹದಿನಾಲ್ಕು ಹೋಳಿಗೆ ಎತ್ತಿದಾನೆ, ಸ್ಟೇಜ್ ಮೇಲೆ!" ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಹೇಳುವಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅಪ್ಪನನ್ನು ನೋಡಿದರು. ಆಮೇಲೆ ಹೇಳಿದರು. ಹೊಟ್ಟೆಯ ಹುಳಿ ಮೇಲೆ ಬಂದು ದನಿಯ ಪಟ್ಟಿಗಳನ್ನು ಸುಡುತ್ತಿದೆ. ಎಡಗಡೆಯದರ ಮೇಲೆ ಒಂದು ಉಬ್ಬು ಇದೆ.

"ಊತವೇ ಇರ್ಬಹುದು. ಎಂಟು ವಾರ ನೋಡೋಣ. ಇಳೀಲಿಲ್ಲ ಅಂದ್ರೆ ಆಪರೇಷನ್ ಥಿಯೇಟರಿಗೆ ಕರ್ಕೊಂಡ್ಹೋಗಿ ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸ್ಬೇಕಾಗುತ್ತೆ."

"ಟೆಸ್ಟು ಅಂದ್ರೆ... ಅದಾ?" ಅಂದರು ಅಪ್ಪ. ನಮ್ಮ ಕಡೆ ಆ ಕಾಯಿಲೆಯ ಹೆಸರು ಹೇಳುವುದಿಲ್ಲ.

"ಈಗಲೇ ಹೆದರೋದು ಬೇಡ."

ಆ 'ಈಗಲೇ' ಅನ್ನುವ ಪದ ಕೇಳಿ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಟೇಬಲ್ ಮೇಲಿದ್ದ ಔಷಧ ಕಂಪನಿಯ ಪ್ಯಾಡಿನಲ್ಲಿ ಬರೆದು ತೋರಿಸಿದೆ: ತೆಗೆದ ಮೇಲೆ ದನಿ ಮೊದಲಿನ ಹಾಗೇ ಇರುತ್ತಾ?

"ಆ ಗ್ಯಾರಂಟಿ ನಾನು ಕೊಡೋಕಾಗಲ್ಲ," ಅಂದರು. ಸುಳ್ಳು ಹೇಳದ ಅವರ ಮೇಲೆ ಅವತ್ತು ಸಿಟ್ಟು ಬಂದಿತ್ತು. ಈಗ ಗೌರವ ಇದೆ.

ಹತ್ತು ದಿನ ಒಂದೂ ಮಾತಿಲ್ಲ, ಪಿಸುಮಾತೂ ಇಲ್ಲ. ಆಮೇಲೆ ಮೆಲ್ಲಗೆ, ಅಳತೆಯಲ್ಲಿ. ಎಂಟು ವಾರ ಮಿಮಿಕ್ರಿಯಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಮಾತ್ರೆ. "ನಿಜವಾದ ಔಷಧಿ ಪಕ್ಕದ ರೂಮಲ್ಲಿದೆ, ಹೋಗಿ," ಅಂದರು.

ಪಕ್ಕದ ರೂಮಿನಲ್ಲಿದ್ದದ್ದು ವಿದ್ಯಾ ಅನ್ನುವ ಆಹಾರ ತಜ್ಞೆ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದಿದ ಹುಡುಗಿ, ನನಗಿಂತ ಚಿಕ್ಕವಳು, ನಗುವುದೇ ಇಲ್ಲ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಏನೇನು ತಿನ್ನಬಾರದು ಅನ್ನುವ ಉದ್ದದ ಪಟ್ಟಿ ಬರುತ್ತದೆಂದು ಕಾದು ಕೂತಿದ್ದೆ. ಆಕೆ ಕೇಳಿದ್ದು ಒಂದೇ.

"ಹೊಟ್ಟೆ ತುಂಬಿತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಯೋಚಿಸಿ ಬರೆದೆ: ಎಲೆ ಖಾಲಿಯಾದಾಗ.

"ಹಸಿವು ಅಂತ?"

'ಎಲೆ ಹಾಕಿದಾಗ' ಅಂತ ಬರೆದು, ಹೊಡೆದುಹಾಕಿದೆ. ಆಕೆ ಒಂದು ಖಾಲಿ ಡೈರಿ ಕೊಟ್ಟಳು. ತಿನ್ನುವ ಮೊದಲು ಹಸಿವಿತ್ತೇ, ಎಷ್ಟು ಹೊತ್ತು ತಿಂದೆ, ಯಾಕೆ ತಿಂದೆ, ಅಷ್ಟು ಬರೆಯಬೇಕು. ಕೂತು ತಿನ್ನಬೇಕು. ಮೊಬೈಲ್ ಇಲ್ಲ, ಮಾತಿಲ್ಲ, ಬಾಯಲ್ಲಿರುವುದು ಹೊಟ್ಟೆಗೆ ಇಳಿಯುವ ತನಕ ಮುಂದಿನ ತುತ್ತಿಗೆ ಕೈ ಹಾಕುವಂತಿಲ್ಲ. "ಒಂದು ಇಡ್ಲಿಯಿಂದ ಶುರು ಮಾಡಿ. ಒಂದು ಇಡ್ಲಿಗೆ ಐದು ನಿಮಿಷ."

ಐದು ನಿಮಿಷದಲ್ಲಿ ನಾನು ಇಡ್ಲಿ ಅಕ್ಕನ ಪಾತ್ರೆ ಖಾಲಿ ಮಾಡಿ, ಅವಳ ಹಾಗೇ ಬೈದು, ವಾಪಸ್ ಮನೆಗೆ ಬರುತ್ತಿದ್ದೆ.

ಮನೆಯಲ್ಲಿ ಮೂಗನಾಗಿ ಕೂತ ಹತ್ತು ದಿನಗಳ ಕಥೆಯೇ ಬೇರೆ. ಮಾತಾಡದವನಿಗೆ ಕಿವಿಯೂ ಕೇಳಿಸುವುದಿಲ್ಲ ಅನ್ನುವುದು ಜಗತ್ತಿನ ನಂಬಿಕೆ. ಅಪ್ಪ ಎರಡಡಿ ದೂರದಲ್ಲಿ ನಿಂತು "ಮಾತ್ರೆ ನುಂಗಿದ್ಯಾ?" ಅಂತ ಕಿರುಚುತ್ತಿದ್ದರು. ನೆಂಟರು ನನ್ನನ್ನು ನೋಡಲು ಬಂದು ತಾವೇ ಪಿಸುಗುಡುತ್ತಿದ್ದರು, ಸಾವಿನ ಮನೆಯಲ್ಲಿ ಕೂತಂತೆ. ಅಪ್ಪ ಒಂದು ದಿನ ಕೋಟೆಯ ಕಡೆ ದೇವಸ್ಥಾನಕ್ಕೆ ಹೋಗಿ ನನ್ನ ಹೆಸರಲ್ಲಿ ಪೂಜೆ ಮಾಡಿಸಿ ಬಂದರು. ಕೈಯಲ್ಲಿ ದೊಡ್ಡ ಪೊಟ್ಟಣ ಪಂಚಕಜ್ಜಾಯ.

"ತಗೋ, ಇನ್ನೊಂದು ಹಿಡಿ ತಗೋ. ಪ್ರಸಾದ ಮಾರಾಯ, ಇದು ಊಟದ ಲೆಕ್ಕಕ್ಕೆ ಬರಲ್ಲ!"

ಅಮ್ಮ ಮಾತ್ರ ಸಿಟ್ಟಾದಳು. ಮಾಡಿದ ಅಕ್ಕಿರೊಟ್ಟಿಯಲ್ಲಿ ಒಂದೇ ತಿಂದು ಎದ್ದರೆ ಅವಳಿಗದು ತೀರ್ಪು ಬಂದಂತೆ. "ಇಪ್ಪತ್ತಾರು ವರ್ಷ ತಿಂದಿದ್ದು ಅಮೃತ, ಈಗ ನನ್ನ ಕೈ ಅಡುಗೆ ವಿಷ ಆಯ್ತಾ?" ಅಂತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಮಾಧಾನ ಹೇಳಲು ನನ್ನಲ್ಲಿ ದನಿ ಇಲ್ಲ. ಕೈಹಿಡಿದು ಅವಳನ್ನು ನನ್ನೆದುರು ಕೂರಿಸಿದೆ, ಒಂದು ತಟ್ಟೆ ಇಟ್ಟೆ, ಒಂದು ರೊಟ್ಟಿ ಹಾಕಿದೆ. ಇಬ್ಬರೂ ಮಾತಿಲ್ಲದೆ ತಿಂದೆವು. ಆಗ ಹೊಳೆಯಿತು, ಅಮ್ಮ ಕೂತು ಉಣ್ಣುವುದನ್ನು ನಾನು ನೋಡಿಯೇ ಇರಲಿಲ್ಲ. ಒಲೆಯ ಮುಂದೆ ನಿಂತು, ಬಾಣಲೆಯ ಅಂಚು ಕೆರೆದು, ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುವುದೇ ಅವಳ ಊಟ. ಮುಗಿದ ಮೇಲೆ ಅವಳು ತುಂಬ ಹೊತ್ತು ಏಳಲಿಲ್ಲ. "ಬಿಸಿಬಿಸಿ ರೊಟ್ಟಿ ಚೆನ್ನಾಗಿರುತ್ತಲ್ಲೋ," ಅಂದಳು, ಬೇರೆ ಯಾರೋ ಮಾಡಿದ್ದನ್ನು ತಿಂದವಳ ಹಾಗೆ. ಅವತ್ತಿನಿಂದ ನಾವಿಬ್ಬರೂ ಒಟ್ಟಿಗೇ ಕೂರುತ್ತೇವೆ.

ಡೈರಿ ನನ್ನ ಮಾನ ತೆಗೆಯಿತು. ಮೊದಲ ವಾರದ ಒಂದು ನಮೂನೆ: 'ತಿಂದದ್ದು ಮೂರು ಬೋಂಡ. ಹಸಿವು ಇರಲಿಲ್ಲ. ಕಾರಣ, ಇಮ್ರಾನ್ ತಿನ್ನುತ್ತಿದ್ದ.' ಇನ್ನೊಂದು: 'ಎರಡು ಸಲ ಉಪ್ಪಿಟ್ಟು. ಹಸಿವು ಇಲ್ಲ. ಕಾರಣ, ಅಪ್ಪ ನೋಡುತ್ತಿದ್ದರು.' ಪುಟ ತಿರುಗಿಸಿದಷ್ಟೂ ಇದೇ. ಅಪ್ಪನ ಎದುರು ಕೂತರೆ ಅಪ್ಪನಷ್ಟು, ಇಮ್ರಾನನ ಜೊತೆ ಹೋದರೆ ಅವನಷ್ಟು, ಅವನದೇ ವೇಗದಲ್ಲಿ. ದನಿ ಮಾತ್ರ ಅಲ್ಲ, ಜನರ ಹಸಿವನ್ನೂ ನಾನು ನಕಲು ಮಾಡುತ್ತಿದ್ದೆ. ಅದಕ್ಕೆ ಯಾರೂ ಚಪ್ಪಾಳೆ ಕೊಟ್ಟಿರಲಿಲ್ಲ ಅಷ್ಟೇ.

ಇಮ್ರಾನನಿಗೆ ಇದನ್ನು ತೋರಿಸಿದೆ. ಅವನು ಓದಿ ನೊಂದುಕೊಂಡ. "ಅರೆ, ಎಲ್ಲಾ ಕೇಸ್ ನನ್ ಮೇಲೇ ಹಾಕಿದೀಯಲ್ಲೋ! ಡಾಕ್ಟರ್ ಓದಿದ್ರೆ ಇಮ್ರಾನ್ ಅನ್ನೋದೇ ಕಾಯಿಲೆ ಹೆಸರು ಅನ್ಕೋತಾರೆ." ಮರುದಿನದಿಂದ ನನ್ನೆದುರು ಬೋಂಡ ತಿನ್ನುವುದನ್ನು ಬಿಟ್ಟ. ಗೋಡೆಯ ಹಿಂದೆ ಹೋಗಿ ತಿಂದು ಮೀಸೆ ಒರೆಸಿಕೊಂಡು ಬರುತ್ತಿದ್ದ. ನಾನು ಮೊಬೈಲಿನಲ್ಲಿ ಗಂಟಲಿನ ಉಬ್ಬುಗಳ ಚಿತ್ರ ಹುಡುಕುತ್ತಾ ಕೂತಿದ್ದಾಗ ಮೊಬೈಲನ್ನೇ ಕಸಿದುಕೊಂಡವನೂ ಅವನೇ. "ಅದ್ರಲ್ಲಿ ಫೋಟೋ ನೋಡಿದ್ರೆ ನನ್ ಆಂಪ್ಲಿಫೈಯರ್‌ಗೂ ಅದೇ ಕಾಯಿಲೆ ಇರುತ್ತೆ, ಇಡು ಕೆಳಗೆ."

ನಾಲ್ಕನೇ ವಾರ ಸೋತೆ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ನಾನೇನೋ ದೊಡ್ಡ ತಪಸ್ವಿ ಅಂದುಕೊಂಡೀರಿ. ನಾನು ಪ್ರತಿವರ್ಷ ಮಾಡುತ್ತಿದ್ದ ಒಂದು ಶಾಲೆಯ ಕಾರ್ಯಕ್ರಮವನ್ನು ಶಿವಮೊಗ್ಗದ ಇನ್ನೊಬ್ಬ ಮಿಮಿಕ್ರಿಯವನಿಗೆ ಕೊಟ್ಟರು. ಅವನು ನನ್ನ ರೈಲ್ವೆ ಹೆಂಗಸನ್ನೂ ಮಾಡಿದನಂತೆ, ಚೆನ್ನಾಗಿಯೇ ಮಾಡಿದನಂತೆ. ಸುದ್ದಿ ಕೇಳಿದ ಮಧ್ಯಾಹ್ನ ಭದ್ರಾವತಿ ಬಸ್‌ಸ್ಟ್ಯಾಂಡಿನ ಎದುರಿನ ಬೇಕರಿಗೆ ಹೋಗಿ ನಿಂತುಕೊಂಡೇ ಪಫ್ಸು, ದಿಲ್‌ಪಸಂದ್, ಖಾರಾ ಬನ್ನು, ಮತ್ತೆ ಪಫ್ಸು ತಿಂದೆ. ಮನೆ ಮುಟ್ಟುವ ಮೊದಲೇ ಎದೆಯಿಂದ ಕಿವಿಯ ತನಕ ಬೆಂಕಿ. ಇದ್ದ ಚೂರು ದನಿಯೂ ಎರಡು ದಿನ ಹೋಯಿತು. ಆ ಉಬ್ಬು ಒಳಗೆ ಕೂತು ನಗುತ್ತಿದೆ ಅನ್ನಿಸಿತು. ಕತ್ತಿಗೆ ಟವೆಲ್ ಸುತ್ತಿಕೊಂಡ ಅಜ್ಜ ಕಣ್ಣು ಮುಚ್ಚಿದರೂ ಕಂಡ, ಬಿಟ್ಟರೂ ಕಂಡ.

ಡೈರಿಯಲ್ಲಿ ಬರೆಯದೆ ಇರೋಣವೇ ಅಂತ ಯೋಚಿಸಿದೆ. ಬರೆದೆ. ವಿದ್ಯಾ ಓದಿದಳು. ಬೈಗುಳಕ್ಕೆ ತಯಾರಾಗಿ ಕೂತಿದ್ದೆ.

"ದಿಲ್‌ಪಸಂದ್ ರುಚಿ ಹೇಗಿತ್ತು?" ಅಂದಳು.

ನೆನಪಾಗಲಿಲ್ಲ. ಅಷ್ಟು ತಿಂದು, ಅಷ್ಟು ಸುಟ್ಟುಕೊಂಡು, ಒಂದರ ರುಚಿಯೂ ನೆನಪಿಲ್ಲ.

"ಮುಂದಿನ ಸಲ ತಿನ್ನೋದಾದ್ರೆ ಒಂದನ್ನೇ ತಗೊಂಡು, ಕೂತು, ರುಚಿ ನೋಡಿ ತಿನ್ನಿ. ಅದನ್ನೂ ಬರೀರಿ." ಅಷ್ಟೇ. ಅವತ್ತು ಆಕೆ ಬೈದಿದ್ದರೆ ನಾನು ಸೀದಾ ಮತ್ತೆ ಬೇಕರಿಗೇ ಹೋಗುತ್ತಿದ್ದೆ. ಒಂದು ವಾರ ಬಿಟ್ಟು ಹೋಗಿ ಒಂದು ದಿಲ್‌ಪಸಂದ್ ಕೇಳಿ ಕುರ್ಚಿ ಎಳೆದುಕೊಂಡು ಕೂತೆ. ನಿಜ ಹೇಳಲಾ? ಸಕ್ಕರೆ ಜಾಸ್ತಿ. ಅರ್ಧಕ್ಕೆ ಬಿಟ್ಟೆ. ಹುಟ್ಟಿದ ಮೇಲೆ ತಿನ್ನುವ ವಸ್ತುವೊಂದನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು. ಡೈರಿಯಲ್ಲಿ ಅದಕ್ಕೆ ಎರಡು ಗೆರೆ ಎಳೆದಿದ್ದೇನೆ.

ಏಳನೇ ವಾರದಲ್ಲಿ ತಂಗಿ ಸೌಮ್ಯಳ ಮದುವೆ. ಮದುವೆಯ ದಿನ ಓಡಾಟದ ನೆಪದಲ್ಲಿ ಪಾರಾದೆ. ಪಾರಾಗಲು ಬಾರದ್ದು ಬೀಗರ ಊಟ. ಎಂಟನೇ ವಾರದ ಬುಧವಾರ ಮಧ್ಯಾಹ್ನ, ಮಲವಗೊಪ್ಪದ ಅವರ ಮನೆಯ ಅಂಗಳದಲ್ಲಿ ಶಾಮಿಯಾನ. ಶುಕ್ರವಾರ ಡಾಕ್ಟರಮ್ಮನ ತಂತಿ. ನಡುವೆ ಇದ್ದದ್ದು ಒಂದೇ ದಿನ. ನಾಲ್ಕನೇ ವಾರದ ಬೇಕರಿ ಇನ್ನೂ ಗಂಟಲಲ್ಲಿ ನೆನಪಿತ್ತು. ಇನ್ನೊಮ್ಮೆ ಅಂಥದ್ದಾದರೆ ಥಿಯೇಟರು, ಚೂರು, ಟೆಸ್ಟು.

ಹಿಂದಿನ ದಿನ ಸೌಮ್ಯ ಫೋನ್ ಮಾಡಿದ್ದಳು. "ಅಣ್ಣಾ, ನಮ್ಮ ಮಾವ ಊರಿಗೆಲ್ಲ ಹೇಳಿಬಿಟ್ಟಿದಾರೆ, ಸೊಸೆ ಅಣ್ಣ ಹದಿನಾಲ್ಕು ಹೋಳಿಗೆ ಗಂಡು ಅಂತ. ಪಕ್ಕದ ಮನೆಯವರೂ ನೋಡೋಕೆ ಬರ್ತಿದಾರೆ. ನೀನು ಬೇಡ ಅಂದ್ರೆ ಇವರ ಮನೆ ಅಡುಗೆ ಸೇರ್ಲಿಲ್ಲ ಅಂತಾಗುತ್ತೆ." ಆಮೇಲೆ ದನಿ ತಗ್ಗಿಸಿ, "ಆದ್ರೆ ತಿನ್ಬೇಡ," ಅಂದಳು. ಹೊಸ ಮನೆಯಲ್ಲಿ ಐದು ದಿನದ ಸೊಸೆಗೆ ಆ ಮಾತು ಎಷ್ಟು ಭಾರ ಅಂತ ನನಗೆ ಗೊತ್ತಾಯಿತು.

ಹೆಣ್ಣಿನ ಅಣ್ಣನಿಗೆ ಪಂಕ್ತಿಯ ಮೊದಲ ಎಲೆ. ಪಕ್ಕದಲ್ಲಿ ಅಪ್ಪ. ಆಚೆ ಈಚೆ ಐವತ್ತು ಅರವತ್ತು ಜನ. ಸೌಮ್ಯಳ ಮಾವ ಬಸವರಾಜಪ್ಪ ಖುದ್ದಾಗಿ ಹೋಳಿಗೆಯ ಬುಟ್ಟಿ ಹಿಡಿದು ಬಂದರು, ಹಿಂದೆ ತುಪ್ಪದ ಗಿಂಡಿ ಹಿಡಿದ ಅವರ ತಮ್ಮ. ಒಂದು ಹಾಕಿದರು. ಎರಡನೆಯದನ್ನು ಎತ್ತಿದರು. ನಾನು ಎಲೆಗೆ ಅಡ್ಡ ಕೈ ಹಿಡಿದೆ.

"ಏನ್ ಮಾರಾಯ, ಮಷೀನ್ ಸ್ಟಾರ್ಟ್ ಆಗಿಲ್ವಾ ಇನ್ನೂ?"

ಪಂಕ್ತಿ ನಕ್ಕಿತು. ನನಗಿದ್ದದ್ದು ಅಳತೆಯ ಮಾತು, ಅಳತೆಯ ದನಿ. "ಮಾವ, ನಂಗೆ ಒಂದೇ. ಆದ್ರೆ ಇದನ್ನ ಸರಿಯಾಗಿ ತಿಂತೀನಿ."

"ಒಂದಾ? ಒಂದು ಹೋಳಿಗೆ ನಮ್ಮನೆ ಬೆಕ್ಕು ತಿನ್ನುತ್ತೆ!" ಅಂದರು. ನಗು ಇನ್ನೂ ಜೋರಾಯಿತು. ಬಾಗಿಲಲ್ಲಿ ನಿಂತಿದ್ದ ಸೌಮ್ಯ ನೆಲ ನೋಡುತ್ತಿದ್ದಳು. ಅಪ್ಪ ನೋಡುತ್ತಿದ್ದದ್ದು ತಮ್ಮ ಎಲೆಯನ್ನು.

ನಾನು ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡೆ. ಅಗಿದೆ.

ಪಂಕ್ತಿಯ ಒಂದು ಕಾನೂನು ಎಲ್ಲರಿಗೂ ಗೊತ್ತು, ಕೊನೆಯವನು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಈ ಕಾನೂನಿನಿಂದ ನನಗೆಂದೂ ತೊಂದರೆ ಆಗಿರಲಿಲ್ಲ. ಮೊದಲು ಮುಗಿಸಿ ಬೇರೆಯವರ ಎಲೆ ನೋಡುತ್ತ ಕೂರುವವನು ನಾನು. ಅವತ್ತು ಎಲ್ಲರದ್ದೂ ಹೋಳಿಗೆ, ಚಿತ್ರಾನ್ನ, ಅನ್ನ ಸಾರು, ಮಜ್ಜಿಗೆ ಮುಗಿದು, ಎಲೆಗಳು ಮಡಿಚಿಕೊಳ್ಳಲು ಕಾದಿದ್ದವು. ನನ್ನ ಹೋಳಿಗೆ ಇನ್ನೂ ಅರ್ಧ ಚಂದ್ರ. ಅರವತ್ತು ಬಲಗೈಗಳು ಗಾಳಿಯಲ್ಲಿ ಒಣಗುತ್ತಿದ್ದವು. ಮುಂದಿನ ಪಂಕ್ತಿಗೆ ಜಾಗ ಹಿಡಿಯಲು ಬಂದವರು ಬೆನ್ನ ಹಿಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದರು.

"ಏನಪ್ಪಾ, ಊಟ ಮಾಡ್ತಿದೀಯೋ ಜಪ ಮಾಡ್ತಿದೀಯೋ?" ಅಂದಳು ಎದುರು ಸಾಲಿನ ಮುದುಕಿ.

"ಕಂತಿನಲ್ಲಿ ತಿಂತಿದಾನೆ ಬಿಡಿ," ಅಂದ ಇನ್ನೊಬ್ಬ.

ಇವೆಲ್ಲ ನಾನು ಬೇರೆಯವರಿಗೆ ಹೇಳುತ್ತಿದ್ದ ಮಾತುಗಳು. ಆ ಕಡೆ ಕೂತಾಗಲೇ ಅವುಗಳ ಖಾರ ಗೊತ್ತಾಗುವುದು. ಮಡಿಚಿ ನುಂಗಿಬಿಟ್ಟರೆ ಎರಡು ಸೆಕೆಂಡಿನ ಕೆಲಸ. ಕೈ ಅಭ್ಯಾಸಬಲದಿಂದ ಮಡಿಚಿಯೂ ಬಿಟ್ಟಿತ್ತು. ಮತ್ತೆ ಬಿಡಿಸಿದೆ. ಚೂರು ಮುರಿದೆ.

ಆಗ ಅಪ್ಪ ಬಾಯಿಬಿಟ್ಟರು. ಒತ್ತಾಯದ ಖಾತೆಯವರ ದನಿ, ಶಾಮಿಯಾನದ ಕೊನೆಗೂ ಮುಟ್ಟುವಂಥದ್ದು. "ಕೂತ್ಕೊಳ್ರಪ್ಪ ಎಲ್ರೂ. ನನ್ ಮಗ ಊಟ ಮಾಡ್ತಿದಾನೆ."

ಆಮೇಲೆ ಎದುರಿನ ಮುದುಕಿಯೇ, "ಕಾಯೋದು ಹೆಂಗೂ ಕಾಯ್ಬೇಕು, ಸ್ವಲ್ಪ ಮಜ್ಜಿಗೆ ತನ್ನಿ," ಅಂದಳು. ಅವಳ ಪಕ್ಕದವನೂ ಕೈ ಚಾಚಿದ. ಎಲ್ಲೋ ಮಾತು ಶುರುವಾಯಿತು.

ಇಷ್ಟರಲ್ಲಿ ಪಂಕ್ತಿ ಏಕೆ ಏಳುತ್ತಿಲ್ಲವೆಂದು ಗಾಬರಿಯಾಗಿ, ಹೆಗಲ ಟವೆಲಿನಲ್ಲಿ ಬೆವರೊರೆಸಿಕೊಳ್ಳುತ್ತ ಅಡುಗೆಯವರೇ ಹಿತ್ತಲಿನಿಂದ ಬಂದರು. ನನ್ನ ಎಲೆಯ ಮುಂದೆ ನಿಂತರು. "ಏನಾಯ್ತು ಸ್ವಾಮಿ? ಹೂರಣ ಕೆಟ್ಟಿದೆಯಾ?"

"ಇಲ್ಲ," ಅಂದೆ. "ಏಲಕ್ಕಿ ಜೊತೆ ಜಾಯಿಕಾಯಿ ಹಾಕಿದೀರಲ್ವಾ? ಕೊನೇಲಿ ಬರುತ್ತೆ, ನಾಲಿಗೆ ಹಿಂಭಾಗಕ್ಕೆ."

ಆ ಮನುಷ್ಯ ನನ್ನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಮೂವತ್ತು ವರ್ಷದಿಂದ ಹ್ಞಾಂ, ಚೂರೇ ಚೂರು ತೇದು ಹಾಕ್ತೀನಿ. ಒಬ್ರೂ ಕಂಡುಹಿಡಿದಿಲ್ಲ ಸ್ವಾಮಿ. ನನ್ ಹೆಂಡ್ತಿನೂ!"

ಬಸವರಾಜಪ್ಪನವರು ಬುಟ್ಟಿ ಕೆಳಗಿಟ್ಟು, ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿ ಅಗಿದರು. "ಹೌದಲ್ರೀ!" ಅಂದರು. ಆಮೇಲೆ ಪಂಕ್ತಿಯ ಕಡೆ ತಿರುಗಿ, ಜಾಯಿಕಾಯಿ ತಾವೇ ಬೆಳೆದವರ ಹಾಗೆ, "ನೋಡಿದ್ರಾ, ನಮ್ಮನೆ ಹೋಳಿಗೆ ಅಂದ್ರೆ ಹಿಂಗೆ ತಿನ್ಬೇಕು," ಅಂದರು. ಸೌಮ್ಯ ತಲೆ ಎತ್ತಿದಳು. ಹಲ್ಲು ಕಾಣುವಂತೆ ನಕ್ಕಳು, ಹೊಸ ಸೊಸೆ ಅನ್ನುವುದನ್ನೂ ಮರೆತು.

ಒಂದು ಹೋಳಿಗೆಗೆ ಇಪ್ಪತ್ತು ನಿಮಿಷ ಹಿಡಿಯಿತು. ನಾನು ಎಲೆ ಮಡಿಚಿದೆ. ಅರವತ್ತು ಎಲೆಗಳು ಮಡಿಚಿಕೊಂಡವು. ಹದಿನಾಲ್ಕರ ದಾಖಲೆಯ ದಿನವೂ ನನ್ನ ಬೆನ್ನು ಅಷ್ಟು ನೆಟ್ಟಗಿರಲಿಲ್ಲ.

ಶುಕ್ರವಾರ ಮತ್ತೆ ಅದೇ ಟೀವಿ. ಅಪ್ಪ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಡಾಕ್ಟರಮ್ಮ ತಂತಿಯನ್ನು ಆಚೆ ಈಚೆ ಆಡಿಸಿದರು, ಸುಮ್ಮನಿದ್ದರು, ಮತ್ತೆ ಆಡಿಸಿದರು. ಅಷ್ಟು ಉದ್ದದ ಮೌನವನ್ನು ನನ್ನ ಹತ್ತು ದಿನದ ಮೌನವೂ ಮೀರಿಸಿರಲಿಲ್ಲ.

"ಉಬ್ಬು ಇಳಿದಿದೆ," ಅಂದರು. "ಸ್ವಲ್ಪ ಕೆಂಪಿದೆ, ಅದೂ ಹೋಗುತ್ತೆ. ಚೂರು ತೆಗೆಯೋದೇನೂ ಬೇಡ. ಆದ್ರೆ ನೆನಪಿರಲಿ, ಊಟ ಕೆಟ್ರೆ ಇದು ವಾಪಸ್ ಬರುತ್ತೆ. ಈಗ ಮಾತಾಡಿ."

ಅಪ್ಪ ಅಮ್ಮನಿಗೆ ಫೋನ್ ಮಾಡಲು ಹೊರಗೆ ಓಡಿದರು. ನಾನು ಕಾಯುವ ಕೋಣೆಗೆ ಬಂದೆ. ಬೆಂಚಿನ ಮೇಲೆ ಒಬ್ಬ ಹೆಂಗಸು ಟೋಕನ್ ಹಿಡಿದು ಕೂತಿದ್ದಳು, ಬೀದಿ ಬೀದಿ ತಿರುಗಿ ಸೊಪ್ಪು ಮಾರುವವಳಂತೆ. ಕೂಗಿ ಕೂಗಿ ದನಿ ಪೂರಾ ಹೋಗಿತ್ತು. ನನ್ನ ಕೈ ಹಿಡಿದು ಕೂರಿಸಿಕೊಂಡು, ತನ್ನ ಮೂಗು ತೋರಿಸಿ, ಬರೀ ಗಾಳಿಯಲ್ಲಿ ಕೇಳಿದಳು: "ಆ ತಂತಿ... ನೋವಾಗ್ತದಾ?"

ಹೇಳಿದೆ. ನೋವಾಗುವುದಿಲ್ಲ ಅಕ್ಕ, ಕಣ್ಣಲ್ಲಿ ನೀರು ಬರುತ್ತೆ ಅಷ್ಟೇ ಅಂದೆ. ಅವಳ ಭಯ ಹೋಗಲಿಲ್ಲ. ಮೊದಲಿಂದ ಹೇಳಿದೆ. ಡಾಕ್ಟರಮ್ಮನ ದನಿಯಲ್ಲಿ 'ಈಗಲೇ ಹೆದರೋದು ಬೇಡ' ಅಂದೆ. ಎರಡಡಿ ದೂರದಿಂದ ಕಿರುಚುವ ಅಪ್ಪನನ್ನು ಮಾಡಿದೆ, ಬುಟ್ಟಿ ಹಿಡಿದ ಬಸವರಾಜಪ್ಪನವರನ್ನು ಮಾಡಿದೆ, ಮಜ್ಜಿಗೆ ಕೇಳಿದ ಮುದುಕಿಯನ್ನು ಮಾಡಿದೆ. ಎಂಟು ವಾರದ ಮೇಲೆ ಒಬ್ಬೊಬ್ಬರೂ ಕರೆದ ಕೂಡಲೇ ಬಂದರು, ಒಬ್ಬರೂ ಮುನಿಸಿಕೊಂಡಿರಲಿಲ್ಲ. ಸೊಪ್ಪಿನ ಅಕ್ಕ ಸದ್ದಿಲ್ಲದೆ, ಭುಜ ಕುಲುಕಿಸಿ ನಗುತ್ತಿದ್ದಳು. ಪಕ್ಕದ ಬೆಂಚಿನವರು ತಿರುಗಿದರು, ಎದುರಿನವರು ಹತ್ತಿರ ಬಂದರು. ಕಿವಿ ಕೇಳದವರಿಗೆ ಪಕ್ಕದವರು ಕೈಸನ್ನೆಯಲ್ಲಿ ಅನುವಾದ ಮಾಡಿದರು.

ಒಳಕೋಣೆಯ ಬಾಗಿಲು ದಡಾರನೆ ತೆರೆದು ಅಟೆಂಡರ್ ತಲೆ ಹೊರಹಾಕಿದ.

"ರೀ, ಯಾರ್ರೀ ಅದು? ಸ್ವಲ್ಪ ಮೆಲ್ಲಗೆ ಮಾತಾಡಿ. ಒಳಗಡೆ ಡಾಕ್ಟರಿಗೆ ಪೇಷಂಟ್ ದನಿ ಕೇಳಿಸ್ತಿಲ್ಲ, ಬರೀ ನಿಮ್ಮದೇ ಕೇಳಿಸ್ತಿದೆ."

ಸಾರಿ ಸಾರ್ ಅಂದೆ. ಅದನ್ನೂ ಸ್ವಲ್ಪ ಜೋರಾಗಿಯೇ ಅಂದೆ.